ತಾಡಪತ್ರಿ ಕಟ್ಟಿದ ಅಂಗಳ: ಸಿಂಧನೂರಿನ ಒಂದು ಮನೆಯ ಪ್ರಕರಣ

ಮೇ ತಿಂಗಳ ಒಂದು ಮಧ್ಯಾಹ್ನ ಫೋನ್ ಬಂತು. "ಸರ್, ಮೊದ್ಲ ಹೇಳಿಬಿಡ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ. ಅಂಗಳದ ಮ್ಯಾಲ ತಾಡಪತ್ರಿ ಕಟ್ಟೀವಿ."

ಗೃಹಪ್ರವೇಶವಾಗಿ ಆರು ತಿಂಗಳಾಗಿತ್ತಷ್ಟೇ. ಆ ಅಂಗಳವೇ ಮನೆಯ ಜೀವ ಅಂತ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಕ್ಯಾಮೆರಾದವರನ್ನು ಕರೆಸಿ ಫೋಟೋ ಬೇರೆ ತೆಗೆಸಿದ್ದೆ. ಈಗ ಅದರ ಮೇಲೆ ಭತ್ತದ ರಾಶಿ ಮುಚ್ಚುವ ನೀಲಿ ತಾಡಪತ್ರಿ.

ಮನೆಯವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಊರು ಸಿಂಧನೂರು, ಒಂದು ಹೊಸ ಬಡಾವಣೆ. ಮನೆಯ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರನ್ನು ಮಾಸ್ತರು ಅನ್ನೋಣ. ಅವರ ಹೆಂಡತಿ, ಎಂಬತ್ತು ದಾಟಿದ ತಾಯಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ. ತಾಯಿಯನ್ನು ಮನೆಯಲ್ಲಿ ಎಲ್ಲರೂ ಅವ್ವ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಕ್ಷೆ ಹಾಕಿದವನು ನಾನು. ಹಾಗಾಗಿ ಇಲ್ಲಿ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ.

ಸೈಟು ಮತ್ತು ಮನೆಯವರು

ಸೈಟು 40 ಅಡಿ ಅಗಲ, 60 ಅಡಿ ಉದ್ದ. ರಸ್ತೆ ಇರುವುದು ಪಶ್ಚಿಮಕ್ಕೆ. ಎರಡೂ ಪಕ್ಕದಲ್ಲಿ ಬೇರೆಯವರ ಸೈಟು, ಇವತ್ತಲ್ಲ ನಾಳೆ ಅಲ್ಲಿ ಗೋಡೆ ಏಳುವುದೇ. ನೆಲ ಎರೆಮಣ್ಣು. ಬಡಾವಣೆ ಮುಗಿಯುತ್ತಿದ್ದ ಹಾಗೆ ಗದ್ದೆ ಶುರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆ ಜೋಳ, ಹತ್ತಿಯಿಂದ ಭತ್ತದ ಕಡೆ ತಿರುಗಿತು. ಮನೆ ಕಟ್ಟೋ ಮಾತಿನಲ್ಲಿ ಗದ್ದೆ ಯಾಕೆ ಬಂತು ಅನ್ನಬೇಡಿ, ಮುಂದೆ ಸೊಳ್ಳೆ ಬರುತ್ತದೆ.

ಒಬ್ಬೊಬ್ಬರದು ಒಂದೊಂದು ಬೇಡಿಕೆ. ಮಗ ಫೋನಿನಲ್ಲಿ ಚಿತ್ರಗಳನ್ನು ಕಳಿಸುತ್ತಿದ್ದ. ಎಲ್ಲದರಲ್ಲೂ ನೆಲದಿಂದ ಸೂರಿನವರೆಗೆ ಗಾಜು, ಆಚೆ ಹಸಿರು ಹುಲ್ಲು, ಒಳಗೆ ಬಿಸಿಲಿನ ಕೋಲು. ಮಾಸ್ತರಿಗೆ ಕತ್ತಲ ಮನೆ ಬೇಡ. ಅವರು ಹುಟ್ಟಿ ಬೆಳೆದ ಹಳ್ಳಿ ಮನೆಯಲ್ಲಿ ಹಗಲೂ ಬುಡ್ಡಿ ದೀಪ ಹಚ್ಚಿಯೇ ಓದಬೇಕಿತ್ತಂತೆ. ಮಾಸ್ತರ ಹೆಂಡತಿ ಕೇಳಿದ್ದು ಎರಡೇ: ಧೂಳು ಬರಬಾರದು, ಅಂಗಳ ಮಾಡುವುದಾದರೆ ಮೇಲೆ ಕಬ್ಬಿಣದ ಗ್ರಿಲ್ ಹಾಕಬೇಕು. ಗ್ರಿಲ್ ಹಾಕಿದರೆ ಆಕಾಶ ಜೈಲಿನ ಹಾಗೆ ಕಾಣುತ್ತದೆ ಅಂತ ನಾನು ವಾದ ಮಾಡಿದೆ. ಅವರು ಬಗ್ಗಲಿಲ್ಲ. ಕಳ್ಳರು ಬಂದರೆ ನೀವೇನು ರಾಯಚೂರಿಂದ ಓಡಿ ಬರ್ತೀರಾ ಅಂತ ಕೇಳಿದರು. ಗ್ರಿಲ್ ಹಾಕಿದೆವು. ಆ ಗ್ರಿಲ್ ಇಲ್ಲದಿದ್ದರೆ ಈ ಬರಹದ ದ್ವಿತೀಯಾರ್ಧವೇ ಇರುತ್ತಿರಲಿಲ್ಲ.

ಅವ್ವ ಮಾತ್ರ ಏನೂ ಕೇಳಲಿಲ್ಲ. ನಕ್ಷೆ ಹಾಸಿ, ಇಲ್ಲಿಂದ ಬಿಸಿಲು ಹೀಗೆ ಬರುತ್ತದೆ ಅಂತ ನಾನು ವಿವರಿಸುತ್ತಿದ್ದಾಗ ಒಂದೇ ಮಾತು ಹೇಳಿದರು. "ತಮ್ಮಾ, ಬಿಸಿಲು ಊರ ತುಂಬ ಬಿದ್ದೈತಿ. ಅದನ್ನ ಮನಿ ಒಳಗ ಕರಕೊಂಡು ಬರಾಕ ರೊಕ್ಕ ಕೊಡಬೇಕೇನು?" ಎಲ್ಲರೂ ನಕ್ಕೆವು.

ಕಟ್ಟಿದ್ದು ಹೀಗೆ. ನಡುವೆ 12 ಅಡಿ ಅಗಲ, 14 ಅಡಿ ಉದ್ದದ ಅಂಗಳ. ಅದರ ಮೂರು ಕಡೆ ಸರಿಯುವ ಗಾಜಿನ ಬಾಗಿಲು. ನೆಲಕ್ಕೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್. ಮೂಲೆಯಲ್ಲಿ ತಾವರೆ ತೊಟ್ಟಿ, ಗೋಡೆಗೆ ಒತ್ತಿಕೊಂಡು ಗಿಡದ ಪಾತಿ. ರಸ್ತೆ ಕಡೆಯ ಹಾಲ್‌ಗೆ 10 ಅಡಿ ಅಗಲದ ಗಾಜು, ಅದರಾಚೆ ಸಣ್ಣ ತೋಟ. ಪಶ್ಚಿಮಕ್ಕೆ ಅಷ್ಟು ದೊಡ್ಡ ಗಾಜು ಬೇಡ ಅಂತ ನನಗೂ ಗೊತ್ತಿತ್ತು. ಆದರೆ ಮಗನ ಆಸೆ, ಎದುರಿಗೆ ರಸ್ತೆ, ಹೊರಗಿನಿಂದ ಮನೆ ಚೆನ್ನಾಗಿ ಕಾಣಬೇಕಲ್ವಾ ಅನ್ನುವ ನನ್ನ ಆಸೆ. ಎರಡಡಿ ಸಜ್ಜಾ ಹಾಕಿ ಸಮಾಧಾನ ಮಾಡಿಕೊಂಡೆ.

ಗೃಹಪ್ರವೇಶ ಕಾರ್ತಿಕದಲ್ಲಿ ಆಯಿತು. ಮನೆ ಅದ್ಭುತವಾಗಿ ಕಾಣುತ್ತಿತ್ತು. ಆ ದಿನಗಳಲ್ಲಿ ನಮ್ಮಲ್ಲಿ ಸೂರ್ಯ ನಡುಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಂತೂ ನೆಲದಿಂದ 51 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ಬಿಸಿಲು ಅಂಗಳದ ಗೋಡೆಯ ಮೇಲೆ ಬಿದ್ದು, ಅಲ್ಲಿಂದ ಒಳಗೆ ಚೆಲ್ಲುತ್ತಿತ್ತು. ಬಂದ ನೆಂಟರು ಅಂಗಳದಲ್ಲೇ ಪಂಕ್ತಿ ಹಾಕಿ ಉಂಡರು. ಫೋಟೋ ತೆಗೆಸಿದ್ದೂ ಆಗಲೇ. ನಾವೆಲ್ಲರೂ ಮನೆ ನೋಡಿ ಮೆಚ್ಚಿದ್ದು ಚಳಿಗಾಲದಲ್ಲಿ. ಸಿಂಧನೂರಿನಲ್ಲಿ ಚಳಿಗಾಲ ಎಷ್ಟು ದಿನ ಇರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ.

ತಾಡಪತ್ರಿ

ಫೋನ್ ಬಂದ ಮೂರನೇ ದಿನ ಹೋದೆ. ಮಧ್ಯಾಹ್ನ ಎರಡು ಗಂಟೆ. ಬಾಗಿಲು ತೆರೆದ ಮಾಸ್ತರ ಹೆಂಡತಿಯ ಹಿಂದೆ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ದೊಡ್ಡ ಗಾಜಿಗೆ ದಪ್ಪ ಪರದೆ, ಪರದೆಯ ಹಿಂದೆ ಹಳೆಯ ಬೆಡ್‌ಶೀಟು. ಅಂಗಳದ ಮೂರೂ ಬಾಗಿಲು ಬಂದ್. ಮೇಲೆ ತಾಡಪತ್ರಿ, ಕೆಳಗೆ ನೀಲಿ ಮಬ್ಬು. ಅಂಗಳದೊಳಗೆ ಕಾಲಿಟ್ಟರೆ ಒಲೆ ಮುಂದೆ ಕೂತಂತೆ. ಗ್ರಾನೈಟ್ ಮೇಲೆ ಬರಿಗಾಲಿಡಲು ಆಗಲಿಲ್ಲ. ತಾಡಪತ್ರಿ ಬಿಸಿಲು ತಡೆದಿತ್ತು, ಆದರೆ ಅಂಗಳದ ಬಿಸಿಗಾಳಿ ಮೇಲೆ ಹೋಗುವ ದಾರಿಯನ್ನೂ ಮುಚ್ಚಿತ್ತು.

ಬೆಳಕಿನ ಮನೆ ಅಂತ ಕಟ್ಟಿದ್ದರಲ್ಲಿ ಹಗಲು ಎರಡಕ್ಕೆ ಲೈಟು. ನನಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಅವರು ಕೊಟ್ಟ ಮಜ್ಜಿಗೆ ಕುಡಿದು ಒಂದೊಂದೇ ಕೇಳುತ್ತಾ ಹೋದೆ.

ಮೊದಲನೆಯದು ಬಿಸಿಲಿನ ಲೆಕ್ಕ. ಸಿಂಧನೂರು ಇರುವುದು ಸುಮಾರು 15.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ನೇರಕ್ಕೆ ಬರುತ್ತಾನೆ, ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ. ಅಂದರೆ ಊರು ಕಾದ ಹಂಚಾಗಿರುವ ಹೊತ್ತಿಗೇ ಸರಿಯಾಗಿ ಅಂಗಳದ ಬಾಯಿಗೆ ನೇರ ಬಿಸಿಲು. ನನ್ನ 12 ಅಡಿ ಅಗಲದ ಅಂಗಳಕ್ಕೆ ಸುತ್ತ ಗೋಡೆ 11 ಅಡಿ ಎತ್ತರ. ಲೆಕ್ಕ ಹಾಕಿದರೆ ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತು ದಾಟಿದಾಗಿನಿಂದ ಮಧ್ಯಾಹ್ನ ಮೂರೂವರೆವರೆಗೆ ನೆಲದ ಮೇಲೆ ಎಲ್ಲೋ ಒಂದು ಕಡೆ ಬಿಸಿಲು ಇದ್ದೇ ಇರುತ್ತದೆ. ಆರು ಗಂಟೆ ಮೀರಿ. ಅದೇ ಅಂಗಳ ಐದಡಿ ಅಗಲವಿದ್ದಿದ್ದರೆ ಮೂರು ಗಂಟೆ ಚಿಲ್ಲರೆ ಆಗುತ್ತಿತ್ತು. ಈ ಲೆಕ್ಕವನ್ನು ನಾನು ಕಟ್ಟುವ ಮುಂಚೆ ಹಾಕಬೇಕಿತ್ತು. ಹಾಕಿದ್ದು ತಾಡಪತ್ರಿ ನೋಡಿದ ಮೇಲೆ.

ಇನ್ನೊಂದು ಪೆಟ್ಟು ಪಶ್ಚಿಮದ ಗಾಜು. ದಕ್ಷಿಣದ ಬಿಸಿಲು ಸಾಧು. ಯುಗಾದಿ ಹೊತ್ತಿನ ನಡುಮಧ್ಯಾಹ್ನಕ್ಕೆ ಎರಡಡಿ ಸಜ್ಜಾ ಕೆಳಗೆ ಏಳಡಿ ಗೋಡೆಗೆ ನೆರಳು ಕೊಡುತ್ತದೆ. ಪಶ್ಚಿಮದ ಕಥೆಯೇ ಬೇರೆ. ಸಂಜೆ ನಾಲ್ಕೂವರೆಗೆ ಸೂರ್ಯ ನೆಲದಿಂದ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಆಗ ಬರೀ ನಾಲ್ಕಡಿ ಎತ್ತರದ ಕಿಟಕಿಗೆ ನೆರಳು ಬೇಕೆಂದರೂ ಏಳಡಿ ಸಜ್ಜಾ ಬೇಕು. ನನ್ನ ಎರಡಡಿ ಸಜ್ಜಾ ಅಲ್ಲಿ ಬರೀ ಅಲಂಕಾರ. ಗಾಜಿನ ಪಕ್ಕದ ಒಂಬತ್ತಿಂಚಿನ ಗೋಡೆಯೂ ಸುಮ್ಮನಿರುವುದಿಲ್ಲ. ಸಂಜೆ ಕುಡಿದ ಬಿಸಿಲನ್ನು ರಾತ್ರಿ ಹತ್ತರ ಮೇಲೆ ಒಳಗೆ ಕಕ್ಕುತ್ತದೆ. ಮೇಲಿನ ಸ್ಲ್ಯಾಬೂ ಅಷ್ಟೇ. ಫ್ಯಾನ್ ಹಾಕಿದರೆ ಬಿಸಿಗಾಳಿ ಅಂತ ಇಲ್ಲಿ ಎಲ್ಲರೂ ಹೇಳುವುದು ಇದನ್ನೇ.

ಇಷ್ಟೇ ಆಗಿದ್ದರೆ ಸಂಜೆ ಆರಕ್ಕೆ ಬಾಗಿಲೆಲ್ಲ ತೆರೆದು ತಂಪು ಮಾಡಿಕೊಳ್ಳಬಹುದಿತ್ತು. ಅಲ್ಲೇ ನನಗೆ ನಿಜವಾದ ಪಾಠ ಆಗಿದ್ದು. ಆ ಮನೆಯಲ್ಲಿ ಸಂಜೆ ಆರಕ್ಕೆ ಎಲ್ಲ ಬಾಗಿಲನ್ನೂ ಇನ್ನೂ ಗಟ್ಟಿಯಾಗಿ ಮುಚ್ಚುತ್ತಿದ್ದರು. ಕಾರಣ ಸೊಳ್ಳೆ. ಸುತ್ತ ನೀರು ನಿಂತ ಗದ್ದೆ. ಸಾಲದ್ದಕ್ಕೆ ನಾನೇ ಅಂಗಳದಲ್ಲಿ ಮೀನಿಲ್ಲದ ತಾವರೆ ತೊಟ್ಟಿ ಇಟ್ಟು ಕೊಟ್ಟಿದ್ದೆ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಸರಿಯುವ ಗಾಜಿನ ಬಾಗಿಲಿಗೆ ಜಾಳಿಗೆ ಹಾಕಿರಲಿಲ್ಲ. ಯಾಕೆ ಹಾಕಿರಲಿಲ್ಲ? ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

ಹಗಲು ಬಿಸಿಲಿಗೆ ಬಂದ್, ರಾತ್ರಿ ಸೊಳ್ಳೆಗೆ ಬಂದ್. 168 ಚದರಡಿ ಆಕಾಶ ಕೊಟ್ಟಿದ್ದೆ, ಅವರಿಗೆ ದಿನಕ್ಕೆ ಒಂದು ಗಂಟೆಯೂ ಸಿಗುತ್ತಿರಲಿಲ್ಲ.

ಏರ್‌ಕೂಲರ್ ತಂದಿದ್ದರು. ಅದೂ ಕೆಲಸ ಮಾಡುತ್ತಿಲ್ಲ ಅಂದರು. ಕೂಲರ್ ಒದ್ದೆ ಗಾಳಿ ತಳ್ಳುವ ಯಂತ್ರ. ಎದುರು ಕಡೆ ಗಾಳಿ ಹೊರಗೆ ಹೋಗಲು ದಾರಿ ಇರಬೇಕು. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಮೈಯೆಲ್ಲ ಅಂಟಂಟು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹೊರಡುವಾಗ ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಕೂದಲೆಳೆಯಂಥ ಬಿರುಕು ಕಂಡಿತು. ಅಂಗಳದ ಪಾತಿ ಇದ್ದದ್ದು ಅದೇ ಗೋಡೆಗೆ ಒತ್ತಿಕೊಂಡು. ದಿನಾ ನೀರು ಹಾಕುತ್ತಿದ್ದರು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ಪಾಯಕ್ಕೆ ಎರೆ ತೆಗೆದು ಗರಸು, ಅಂದರೆ ಉಬ್ಬದ ಗಟ್ಟಿ ಕಲ್ಲುಮಣ್ಣು, ತುಂಬಿಸಿದ್ದೆವು, ಆದರೆ ಪಾತಿಯ ಪಕ್ಕದಲ್ಲಿ ಗರಸಿನ ದಪ್ಪ ಕಮ್ಮಿ ಇತ್ತು. ಗೋಡೆಯ ಒಂದು ಕಡೆ ಸದಾ ಹಸಿ, ಇನ್ನೊಂದು ಕಡೆ ಬೇಸಿಗೆಯ ಒಣ ನೆಲ. ಗೋಡೆ ಏನು ಮಾಡಬೇಕು?

ಬೆಳಕಿಂಡಿ

ಮಗನ ಜೊತೆ ಫೋನಿನಲ್ಲಿ ಮಾತಾಡಿದೆ. ಅವನ ಸಲಹೆ ಸಿದ್ಧವಿತ್ತು: ಅಂಗಳದ ಮೇಲೆ ಬೆಳಕು ಹಾಯುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟ್ ಹಾಕಿ, ಎರಡು ಎಸಿ ಜಾಸ್ತಿ ಹಾಕೋಣ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ರಾಯಚೂರು, ಬಳ್ಳಾರಿ, ಕೊಪ್ಪಳದ ಹೊಸ ಮನೆಗಳಲ್ಲಿ ಹಾಗೆ ಮುಚ್ಚಿದ ಅಂಗಳಗಳನ್ನು ನೋಡಿದ್ದೇನೆ. ಬೆಳಕು ಬರುತ್ತದೆ, ಬಂದ ಬಿಸಿ ಹೋಗುವುದಿಲ್ಲ. ನರ್ಸರಿಯವರು ಸಸಿ ಬೆಳೆಸಲು ಕಟ್ಟುವ ಗಾಜಿನ ಮನೆಯೇ ಅದು.

ಮಾಸ್ತರು ತಡೆದರು. "ಇನ್ನೊಮ್ಮಿ ಲಕ್ಷಗಟ್ಟಲೆ ಹಾಕಾಕ ಆಗಲ್ಲ ಸರ್. ಒಂದ್ಸಲ ನಮ್ಮ ಮಾವನ ಮನಿ ನೋಡಿಕೊಂಡ ಬರೋಣು ಬರ್ರಿ. ಅವ್ವ ದಿನಾ ಅದನ್ನ ಹೇಳ್ತಾಳ."

ಮಸ್ಕಿ ಕಡೆಯ ಒಂದು ಹಳ್ಳಿ. ಅವ್ವನ ತವರು. ಮಣ್ಣಿನ ಮಾಳಿಗೆ ಮನೆ, ಗೋಡೆ ಎರಡಡಿ ದಪ್ಪ, ಮೇಲೆ ಜಂತಿ ಸಾಲು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಮಣ್ಣು ಹಾಕಿ ಬಡಿಯಬೇಕು. ಹೋದದ್ದು ಮಧ್ಯಾಹ್ನ ಒಂದರ ಸುಮಾರಿಗೆ. ತಲೆಬಾಗಿಲು ದಾಟಿ ಒಳಗೆ ಹೋದ ಮೇಲೆ ಅರ್ಧ ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಒಂದೊಂದಾಗಿ ಎಲ್ಲ ಕಂಡವು. ಒಳಕಲ್ಲು, ಗಡಿಗೆ ಸಾಲು, ಗೂಡಿನಲ್ಲಿಟ್ಟ ಕುಂಕುಮ ಭರಣಿ. ಬೆಳಕು ಬರುತ್ತಿದ್ದದ್ದು ಮಾಳಿಗೆಯ ಒಂದೇ ಒಂದು ಬೆಳಕಿಂಡಿಯಿಂದ. ಒಂದು ಗೇಣು ಅಗಲ ಇದ್ದಿರಬೇಕು. ಮಳೆ ಬಂದರೆ ಮೇಲೆ ಹತ್ತಿ ಬಂಡೆ ಮುಚ್ಚುತ್ತಾರೆ.

ಬೆಳಕನ್ನು ಅಳೆಯುವ ಮಾನ ಲಕ್ಸ್. ನಮ್ಮ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಬೆಳಕು ಕೊಡುತ್ತದೆ. ಕೂತು ಪುಸ್ತಕ ಓದಲು ಮುನ್ನೂರು ಲಕ್ಸ್ ಇದ್ದರೆ ಸಾಕು. ಮುನ್ನೂರರಲ್ಲಿ ಒಂದು ಪಾಲು! ಮೋಡ ಕವಿದ ತಂಪು ದೇಶದವರು ಗೋಡೆ ತುಂಬ ಗಾಜು ಹಾಕಿಕೊಳ್ಳಲಿ, ಅವರಿಗೆ ಬೆಳಕು ಸಾಲದು. ನಮಗೆ ಕಿಂಡಿ ಸಾಕು. ಈ ಅಂಕಿಗಳನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಆ ಬೆಳಕಿಂಡಿಯ ಕೆಳಗೆ ನಿಂತಾಗಲೇ ಅವು ನನ್ನ ತಲೆಗೆ ಇಳಿದದ್ದು.

ಹಳೆಯ ಮನೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅಲ್ಲಿ ಹೊಗೆ ಇತ್ತು, ಜಂತಿ ಸಂದಿಯಲ್ಲಿ ಚೇಳು ಬರುತ್ತವಂತೆ, ಮಳೆಗಾಲದಲ್ಲಿ ಸೋರುತ್ತದೆ. ಮಾಸ್ತರು ಅಂಥ ಮನೆಯನ್ನು ಬಿಟ್ಟು ಬಂದದ್ದು ಸುಮ್ನೆ ಅಲ್ಲ. ನಾನು ಸಂಜೆವರೆಗೂ ಅಲ್ಲೇ ಇದ್ದೆ. ಹಗಲಿಡೀ ಆ ಮನೆ ಬಾಯಿ ಕಟ್ಟಿದ ಗಡಿಗೆ. ಆರರ ಹೊತ್ತಿಗೆ ಬಾಗಿಲುಗಳೆಲ್ಲ ತೆರೆದವು, ಒಳಗಿನವರು ಹೊರಗೆ ಬಂದರು. ಬೇವಿನ ಕೆಳಗಿನ ಕಟ್ಟೆ ತುಂಬಿತು. ಹೊರಸುಗಳು ಅಂಗಳಕ್ಕೆ ಬಂದವು, ಹುಡುಗರು ಹಾಸಿಗೆ ಹೊತ್ತುಕೊಂಡು ಮಾಳಿಗೆ ಹತ್ತಿದರು. ಇವರ ಹೊರಗಿನ ಬದುಕು ಶುರುವಾಗುವುದೇ ಸಂಜೆ ಆರಕ್ಕೆ, ಮುಗಿಯುವುದು ಬೆಳಗ್ಗೆ ಎಂಟಕ್ಕೆ. ನಾನು ಮನೆ ಕಟ್ಟಿದ್ದು ಮಧ್ಯಾಹ್ನ ಹನ್ನೆರಡಕ್ಕೆ.

ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1960ರ ದಶಕದಲ್ಲಿ ಅಹಮದಾಬಾದಿನಲ್ಲಿ ಒಂದು ಮನೆ ಮಾಡಿದ್ದರು. ಅದರಲ್ಲಿ ಬೇಸಿಗೆಯ ಹಗಲಿಗೆ ಒಂದು ಭಾಗ, ಚಳಿಗಾಲಕ್ಕೆ ಮತ್ತು ಬೇಸಿಗೆಯ ಸಂಜೆಗೆ ಇನ್ನೊಂದು ಭಾಗ. ಹೊತ್ತಿಗೆ ತಕ್ಕ ಹಾಗೆ ಮನೆಯವರು ಜಾಗ ಬದಲಿಸುತ್ತಾರೆ. ಅದರ ನಕ್ಷೆಯನ್ನು ನಾನು ಎಷ್ಟೋ ಸಲ ನೋಡಿದ್ದೆ, ಗೋಡೆ ಮಾತ್ರ ನೋಡಿದ್ದೆ ಅಂತ ಕಾಣುತ್ತದೆ. ಹೊತ್ತು ನೋಡಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವ್ವ ಹೇಳಿದರು, "ಮ್ಯಾಲ ಒಂದು ಹಂದರ ಹಾಕ್ರಿ ತಮ್ಮಾ. ಅದಕ್ಯಾಕ ಇಷ್ಟು ವಿಚಾರ?"

ತಿದ್ದಿದ್ದು

ಮಾಸ್ತರ ಜೊತೆ ಕೂತು ಒಂದು ಕರಾರು ಮಾಡಿಕೊಂಡೆವು. ಸ್ಲ್ಯಾಬ್ ಒಡೆಯುವಂತಿಲ್ಲ. ಊರಿನ ಗೌಂಡಿ, ಬಡಿಗ, ವೆಲ್ಡಿಂಗ್‌ನವರ ಕೈಲಿ ಆಗುವಷ್ಟೇ ಕೆಲಸ. ನನ್ನ ಫೀಸು ಇಲ್ಲ.

ಮೊದಲು ಮಾಡಿದ್ದು ಅತ್ಯಂತ ಅಗ್ಗದ್ದು, ಜಾಳಿಗೆ. ಅಂಗಳದ ಮೂರು ಬಾಗಿಲುಗಳಲ್ಲಿ ಎರಡರ ಗಾಜು ತೆಗೆದು ಬಡಿಗನಿಂದ ಎರಡು ಪದರ ಮಾಡಿಸಿದೆವು. ಅಂಗಳದ ಕಡೆ ಜಾಳಿಗೆ ಬಾಗಿಲು, ಒಳಗಡೆ ಕಟ್ಟಿಗೆಯ ಕದ. ಆ ಕದವೂ ಹಳೇ ಮನೆಗಳ ಕಿಟಕಿಯ ಹಾಗೆ ಮೇಲೊಂದು ಕೆಳಗೊಂದು ಬೇರೆ ಬೇರೆ ತೆರೆಯುತ್ತದೆ. ಹಗಲು ಕೆಳಗಿನದು ಮುಚ್ಚಿ ಮೇಲಿನದು ಒಂದಿಷ್ಟು ತೆರೆದರೆ ಬೆಳಕಿಂಡಿ. ಸಂಜೆ ಎರಡೂ ತೆರೆದು ಜಾಳಿಗೆ ಮಾತ್ರ ಹಾಕಿದರೆ ಗಾಳಿ. ತಾವರೆ ತೊಟ್ಟಿ ಹೋಯಿತು. ಮೂರನೆಯ ಗಾಜಿನ ಬಾಗಿಲನ್ನು ಹಾಗೇ ಬಿಟ್ಟೆವು, ಮಗನ ಸಮಾಧಾನಕ್ಕೆ. ಈ ಬರಹದಲ್ಲಿ ಕೆಲಸದ ಮಾತು ಒಂದೇ ಆರಿಸಿ ಅಂದರೆ ನಾನು ಈ ಜಾಳಿಗೆಯನ್ನೇ ಆರಿಸುತ್ತೇನೆ. ಗಾಜು, ಗ್ರಾನೈಟು, ತೋಟ ಎಲ್ಲದಕ್ಕೂ ನಕ್ಷೆಯಲ್ಲಿ ಜಾಗ ಇತ್ತು, ಇದಕ್ಕೆ ಇರಲಿಲ್ಲ.

ಹಂದರದ ಕೆಲಸದಲ್ಲಿ ಒಮ್ಮೆ ಎಡವಿದೆವು. ಗೊಬ್ಬರದ ಅಂಗಡಿಯಲ್ಲಿ ಸಿಗುವ, 75 ಪರ್ಸೆಂಟ್ ಬಿಸಿಲು ತಡೆಯುವ ಹಸಿರು ನೆರಳುಬಲೆ ತಂದು ತಂತಿ, ಹಗ್ಗ, ರಾಟೆ ಹಾಕಿ ಅಂಗಳದ ಮೇಲೆ ಎಳೆಯುವ ಹಾಗೆ ಮಾಡಿದೆ. ಬೆಳಗ್ಗೆ ಎಳೆಯೋದು, ಸಂಜೆ ಸರಿಸೋದು. ತಾಡಪತ್ರಿಯ ಹಾಗೆ ಉಸಿರು ಕಟ್ಟುತ್ತಿರಲಿಲ್ಲ, ಬಿಸಿಗಾಳಿ ಬಲೆಯ ಕಣ್ಣುಗಳ ಮೂಲಕ ಮೇಲೆ ಹೋಗುತ್ತಿತ್ತು. ನನಗೆ ಬಹಳ ಖುಷಿಯಾಯಿತು. ಎರಡೇ ವಾರ. ಜೂನ್ ಮೊದಲಿಗೆ ಬರುವ ಮಿರಗ ಮಳೆಯ ಮುಂಚಿನ ಗಾಳಿ ಬಂತು ನೋಡಿ, ಬಲೆ ಹರಿದು ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತು. ಹಗ್ಗ ಎಳೆಯುವ ಕೆಲಸ ಅವರಿಗೂ ಸಾಕಾಗಿತ್ತು.

ಆಗ ಕಣ್ಣಿಗೆ ಬಿದ್ದದ್ದು ನಾನು ಬೇಡವೆಂದಿದ್ದ ಗ್ರಿಲ್. ಗಟ್ಟಿಯಾಗಿ ಕೂತಿತ್ತು, ಯಾವ ಗಾಳಿಗೂ ಜಗ್ಗುವಂತಿರಲಿಲ್ಲ. ಬಲೆಯನ್ನು ತುಂಡು ತುಂಡಾಗಿ ಕತ್ತರಿಸಿ ಗ್ರಿಲ್‌ಗೇ ಬಿಗಿದೆವು, ದಕ್ಷಿಣ ಮತ್ತು ನಡು ಭಾಗಕ್ಕೆ ಮಾತ್ರ. ಉತ್ತರದ ನಾಲ್ಕಡಿ ಖಾಲಿ ಬಿಟ್ಟೆವು, ಆಕಾಶ ಕಾಣಲಿ ಅಂತ. ಇಲ್ಲೂ ಒಂದು ಮಾತು. ಉತ್ತರದ ಕಡೆ ಬಿಸಿಲೇ ಬರಲ್ಲ ಅಂತ ಪಾಠದಲ್ಲಿ ಓದಿರುತ್ತೇವೆ. ನಮ್ಮ ಸೀಮೆಯಲ್ಲಿ ಮೇಯಿಂದ ಆಗಸ್ಟ್ ಮೊದಲವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ. ಜೂನ್ 21ಕ್ಕೆ ಹುಟ್ಟುವುದು, ಮುಳುಗುವುದು ಎರಡೂ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು. ಆ ಖಾಲಿ ನಾಲ್ಕಡಿಯಿಂದ ಜೂನಿನಲ್ಲಿ ಬಿಸಿಲು ಬರುತ್ತದೆ. ಮೋಡದ ಕಾಲ, ಅಷ್ಟು ಕಾಡುವುದಿಲ್ಲ ಅಂತ ಬಿಟ್ಟೆವು.

ಪಶ್ಚಿಮ ನಿಜಕ್ಕೂ ತಲೆ ತಿನ್ನಿತು. ಬಿಸಿಲು ಬರುವುದೂ ಆ ಕಡೆಯಿಂದ, ಮುಂಗಾರಿನ ಗಾಳಿ ಬೀಸುವುದೂ ಆ ಕಡೆಯಿಂದಲೇ. ಗೋಡೆ ಕಟ್ಟಿ ಮುಚ್ಚಿದರೆ ಗಾಳಿ ಹೋಯಿತು. ಕೊನೆಗೆ ಗಾಜಿನಿಂದ ನಾಲ್ಕಡಿ ಮುಂದೆ, ತೋಟದ ಜಾಗದಲ್ಲಿ, ಇಟ್ಟಂಗಿಯ ಕಿಂಡಿ ಗೋಡೆ ಕಟ್ಟಿಸಿದೆ. ಒಂದು ಇಟ್ಟಂಗಿ ಬಿಟ್ಟು ಒಂದು. ಗೌಂಡಿಗೆ ನಗು. "ಇಷ್ಟೊಂದು ತೂತು ಬಿಟ್ಟರ ಗ್ವಾಡಿ ಅಂತ ಯಾಕ ಕರೀಬೇಕ್ರಿ?" ಓರೆ ಬಿಸಿಲನ್ನು ಇಟ್ಟಂಗಿಯ ದಪ್ಪ ತಡೆಯುತ್ತದೆ, ಗಾಳಿ ನುಸುಳಿ ಬರುತ್ತದೆ. ಬಿಸಿಯಾಗುವುದು ಆ ಗೋಡೆ, ಅದು ಮನೆಯಿಂದ ದೂರ ನಿಂತಿದೆ. ಗಾಜಿನಲ್ಲಿ ಅರ್ಧ ತೆಗೆದು ಜಾಳಿಗೆ ಕಿಟಕಿ ಇಟ್ಟೆವು. ನಡುವಿನ ನಾಲ್ಕಡಿಯಲ್ಲಿ ಶಹಾಬಾದ್ ಕಲ್ಲಿನ ಕಟ್ಟೆ.

ಕಿಂಡಿ ಗೋಡೆ ಅರ್ಧ ಎದ್ದಾಗ ಮಾಸ್ತರ ಹೆಂಡತಿ ಬಂದು ನೋಡಿ, "ಇದರ ಧೂಳು ಯಾರು ಒರಸೋರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಳಗಿನ ಎರಡೂವರೆ ಅಡಿ ಗಟ್ಟಿ ಗೋಡೆ ಮಾಡಿದೆವು, ರಸ್ತೆಯ ಧೂಳು ಅಷ್ಟಾದರೂ ನಿಲ್ಲಲಿ ಅಂತ. ಮೇಲಿನ ಕಿಂಡಿಗಳಲ್ಲಿ ಜೇಡರ ಬಲೆ ಈಗಲೂ ಕಟ್ಟುತ್ತದೆ. ತಿಂಗಳಿಗೊಮ್ಮೆ ಪೈಪು ಹಿಡಿದು ನೀರು ಹೊಡೆಯಬೇಕು. ಅವರ ದೂರು ನ್ಯಾಯವಾದದ್ದೇ.

ಉಳಿದದ್ದು ಬೇಗ ಹೇಳುತ್ತೇನೆ. ಅಂಗಳದ ಗ್ರಾನೈಟ್ ಕಿತ್ತು ಅಲ್ಲೂ ಪಾಲಿಶ್ ಇಲ್ಲದ ಶಹಾಬಾದ್ ಕಲ್ಲು ಹಾಸಿ, ನೀರು ಒಂದೇ ಕಡೆ ಹರಿದು ಪೈಪಿಗೆ ಬೀಳುವ ಹಾಗೆ ಇಳಿಜಾರು ಮಾಡಿದೆವು. ಗೋಡೆ ಪಕ್ಕದ ಪಾತಿ ಮುಚ್ಚಿದೆವು, ಗಿಡಗಳು ನಡುವಿನ ಕುಂಡಗಳಿಗೆ ಹೋದವು. ಬಿರುಕಿಗೆ ಒಂದು ಮಳೆಗಾಲ ಕಾದು, ಬೆಳೆಯುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಗಾರೆ ತುಂಬಿದೆವು. ಹೊಂಗೆ ಸಸಿಯನ್ನು ಪಾಯದಿಂದ ದೂರ, ರಸ್ತೆಯಂಚಿಗೆ ನೆಟ್ಟೆವು. ಹೊಂಗೆ ಬೇಸಿಗೆ ಶುರುವಿನಲ್ಲೇ ಹೊಸ ಎಲೆ ಬಿಡುವ ಮರ, ಪಶ್ಚಿಮಕ್ಕೆ ಅದೇ ಸರಿ. ಮಾಳಿಗೆಗೆ ಶಿವರಾತ್ರಿ ಕಳೆದ ಮೇಲೆ ಪ್ರತಿ ವರ್ಷ ಬಿಳಿ ಸುಣ್ಣ.

ಮುಂದಿನ ಬೇಸಿಗೆ

ಮರುವರ್ಷ ಮೇ ತಿಂಗಳಲ್ಲಿ ನಾನೇ ಹೋದೆ. ಬೇಕಂತಲೇ ಮಧ್ಯಾಹ್ನ ಎರಡಕ್ಕೆ. ಮನೆ ಮುಚ್ಚಿತ್ತು. ಒಳಗೆ ಮಬ್ಬು. ನನ್ನ ಮುಖ ನೋಡಿ ಮಾಸ್ತರು ನಕ್ಕರು. "ಲೈಟು ಹಾಕಿಲ್ಲ, ನೋಡ್ರಿ ಸರ್." ಹೌದು, ಟ್ಯೂಬ್‌ಲೈಟ್ ಆರಿತ್ತು. ಕದದ ಮೇಲಿನ ಭಾಗದಿಂದ ಬರುವ ಬೆಳಕಿಗೆ ಅವರು ಪೇಪರ್ ಓದುತ್ತಿದ್ದರು. ಕೂಲರ್ ಪಶ್ಚಿಮದ ಕಿಟಕಿಗೆ ಬಂದಿತ್ತು, ಅದರ ಗಾಳಿ ಹಾಲ್ ದಾಟಿ ಅಂಗಳದ ಕಡೆ ಹೋಗುತ್ತಿತ್ತು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ಮಲಗುವ ಕೋಣೆಗೆ ಏಪ್ರಿಲ್, ಮೇ ಎರಡು ತಿಂಗಳು ಎಸಿ ಬೇಕೇ ಬೇಕು. ಎತ್ತರದ ಹಾಲ್‌ನ ಮೇಲಿನ ಬಿಸಿ ಹೊರಹೋಗಲು ನಾನು ಕಿಂಡಿ ಇಟ್ಟಿರಲಿಲ್ಲ, ಸ್ಲ್ಯಾಬ್ ಒಡೆಯುವಂತಿಲ್ಲವಾದ್ದರಿಂದ ಅದು ಹಾಗೇ ಇದೆ. ಜುಲೈನ ಕಸಿವಿಸಿ ಸೆಕೆಗೆ ಕೂಲರ್ ಕೈಕೊಡುತ್ತದೆ. ಮಾಳಿಗೆಗೆ ಹತ್ತಲು ಕಡಿದಾದ ಕಬ್ಬಿಣದ ಏಣಿ ಮಾತ್ರ ಇರುವುದರಿಂದ ಅವ್ವ ಹತ್ತಲಾರರು. ಮಾಳಿಗೆಯ ಮೇಲೆ ಮಲಗುವ ಊರಿನಲ್ಲಿ ಮೆಟ್ಟಿಲಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ದಸರೆಗೆ ಬಂದಿದ್ದ ಮಗ ಕಿಂಡಿ ಗೋಡೆ ನೋಡಿ, ಮನೆಯ ಮುಖವೇ ಕಾಣಲ್ಲವಲ್ಲ ಸರ್ ಅಂದಿದ್ದ. ಅದೂ ನಿಜ.

"ಆರರ ತನಕ ಇರ್ರಿ," ಅಂದರು ಮಾಸ್ತರ ಹೆಂಡತಿ. ಇದ್ದೆ. ಆರಕ್ಕೆ ಅವರು ಮೊದಲು ಜಾಳಿಗೆ ಬಾಗಿಲುಗಳನ್ನು ಎಳೆದುಕೊಂಡರು, ಆಮೇಲೆ ಕದ ತೆರೆದರು. ಮೊದಲು ಅಂಗಳದ್ದು, ಅದಾದ ಮೇಲೆ ಪಶ್ಚಿಮದ ಕಿಟಕಿ. ರಸ್ತೆಯ ಕಡೆ ನೆಲ ಇನ್ನೂ ಬಿಸಿ ಇರುವಾಗ ಅದನ್ನು ಮೊದಲು ತೆರೆಯಬಾರದಂತೆ. ಈ ಕ್ರಮವನ್ನು ನಾನು ಹೇಳಿಕೊಟ್ಟಿರಲಿಲ್ಲ. ಕಟ್ಟೆಯ ಮೇಲೆ ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ಕೂತರು. ಅಂಗಳಕ್ಕೆ ಹೊರಸು ಬಂತು, ಅದಕ್ಕೊಂದು ಸೊಳ್ಳೆ ಪರದೆ. ಅವ್ವ ಈಗ ಅಲ್ಲೇ ಮಲಗುತ್ತಾರೆ, ಖಾಲಿ ಬಿಟ್ಟ ಆ ನಾಲ್ಕಡಿಯ ಕೆಳಗೆ.

ಹಿಂದಿನ ಮಳೆಗಾಲದಲ್ಲಿ ಅವ್ವ ಒಂದು ಕುಂಡದಲ್ಲಿ ಹೀರೆಬಳ್ಳಿ ಹಾಕಿ ಗ್ರಿಲ್‌ಗೆ ಹಬ್ಬಿಸಿದ್ದರು. ಕಾಯಿ ಚೆನ್ನಾಗಿ ಬಿಟ್ಟವು, ದೀಪಾವಳಿ ಹೊತ್ತಿಗೆ ಒಣಗಿತು. ನೆರಳು ಬೇಕಾದ ಏಪ್ರಿಲ್‌ನಲ್ಲಿ ಹಂದರ ಬರಿದು. ಈಗ ಮಧುಮಾಲತಿ ನೆಟ್ಟಿದ್ದಾರೆ. ನಾನು ನೋಡಿದಾಗ ಎದೆಯೆತ್ತರ ಬಂದಿತ್ತು. ಗ್ರಿಲ್ ಮುಟ್ಟುವವರೆಗೆ ಹಸಿರು ಬಲೆ ಅಲ್ಲೇ ಇರುತ್ತದೆ.